ಹಿಂದೆ ಕಟ್ಟಿದ ಭಾರ

ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರು. ಈ ನಾಲ್ಕು ತಾಲೂಕುಗಳಲ್ಲಿ ಯಾರ ಮನೆಯಲ್ಲಿ ಸಾವಾದರೂ, ಬೀಗರು ಬಿಜ್ಜರಿಗೆ ಸುದ್ದಿ ಮುಟ್ಟಿಸಿದ ಮೇಲಿನ ಫೋನು ಹಿರೇಬೆಂಡಿಗೇರಿಯ ಪರಮೇಶನಿಗೆ ಹೋಗುತ್ತಿತ್ತು. ಹೆಣ ಕೆಡದಂತೆ ಕಾಯುವ, ಗಾಜಿನ ಮುಚ್ಚಳದ ತಂಪು ಪೆಟ್ಟಿಗೆ ಅವನ ಹತ್ತಿರ ಇತ್ತು. ಅದನ್ನು ಎರಡು ಗಾಲಿಯ ಸಣ್ಣ ಟ್ರೇಲರಿನ ಮೇಲೆ ಬಿಗಿದು, ತನ್ನ ಕಾರಿನ ಹಿಂದೆ ಸಿಕ್ಕಿಸಿಕೊಂಡು ಅವನು ಹೊರಡುತ್ತಿದ್ದ. ಪಕ್ಕದ ಸೀಟಿನಲ್ಲಿ ಹೆಂಡತಿ ಸುಜಾತಾ. ಅವಳ ಕಾಲಬುಡದಲ್ಲಿ ಫಿನಾಯಿಲ್ ಡಬ್ಬಿ, ಅರಿವೆ, ಉದ್ದನೆಯ ವೈರಿನ ಸುರುಳಿ.

ಈ ಕೆಲಸಕ್ಕೆ ಅವನು ಬಿದ್ದದ್ದು ಅಪ್ಪನ ಸಾವಿನಿಂದ. ಅಪ್ಪ ಚೌಡಪ್ಪ ತೀರಿಕೊಂಡ ದಿನ ಪೇಟೆಯಿಂದ ಪೆಟ್ಟಿಗೆ ತರಿಸಿದರೆ, ತಂದವನು ಊರ ಬಸ್ಸು ನಿಲ್ದಾಣದಲ್ಲೇ ಗಾಡಿ ನಿಲ್ಲಿಸಿ, ಯಾವ ಓಣಿ ಎಂದು ಕೇಳಿದ. ಹೇಳಿದರು. "ಒಳಗ ಗಾಡಿ ತಿರುಗೂದಿಲ್ಲರಿ" ಎಂದು ಬಂದ ದಾರಿಗೆ ಹೊರಟುಹೋದ. ಆ ಓಣಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ತಿರುಗುತ್ತಿತ್ತು. ಗಾಡಿ ಯಾಕೆ ತಿರುಗಲಿಲ್ಲವೆಂದು ಓಣಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಅಪ್ಪನನ್ನು ಹೊರಸಿನ ಮೇಲೆ ಮಲಗಿಸಿ, ಟೇಬಲ್ ಫ್ಯಾನು ಹಚ್ಚಿ, ಬೇವಿನ ಸೊಪ್ಪು ಹರವಿ ಕುಳಿತಿದ್ದಾಗ ಪರಮೇಶ ಅವ್ವ ಮಂಜವ್ವನಿಗೆ ಹೇಳಿದ್ದ: "ಎವ್ವಾ, ನಾನ ಒಂದು ಪೆಟ್ಟಿಗಿ ತರ್ತೇನಿ. ಯಾರ ಓಣಿ ಅಂತ ಕೇಳೂದಿಲ್ಲ."

ಕಾರು ಮೊದಲೇ ಇತ್ತು. ಪೆಟ್ರೋಲ್ ಎಂಜಿನ್ನಿನ ಜೊತೆಗೆ ಬ್ಯಾಟರಿಯ ಮೋಟಾರೂ ಇರುವ ಹೈಬ್ರಿಡ್ ಕಾರು. ಹುಬ್ಬಳ್ಳಿಯ ಡಾಕ್ಟರೊಬ್ಬರು ಮಾರಿದ್ದನ್ನು ಕೊಂಡು ಬಾಡಿಗೆಗೆ ಓಡಿಸಿಕೊಂಡಿದ್ದ. ಟ್ರೇಲರನ್ನು ಕಟ್ಟಿಕೊಟ್ಟವನು ಸವಣೂರಿನ ವೆಲ್ಡಿಂಗ್ ಅಂಗಡಿಯ ರಿಯಾಜ. ಪರಮೇಶ ಅವನ ಮುಂದೆ ಕಾರಿನ ಜೊತೆ ಬಂದ ಪುಸ್ತಕ ಬಿಚ್ಚಿಟ್ಟು, ಇಂಥ ಕಾರು ಎಳೆಯಬಹುದಾದ ಭಾರ ಬಹಳ ಕಡಿಮೆ ಎಂದು ತೋರಿಸಿದ್ದ. "ಅದರ ಅರ್ಧಾನೂ ಆಗಬಾರ್ದು ನೋಡು" ಎಂದಿದ್ದ. ರಿಯಾಜ ತೆಳು ಪೈಪಿನಲ್ಲಿ ಚೌಕಟ್ಟು ಮಾಡಿದ. ಕೊಂಡಿ ಕಳಚಿದರೂ ಟ್ರೇಲರು ಬಿಟ್ಟುಹೋಗಬಾರದೆಂದು ಎರಡು ಸರಪಳಿಗಳನ್ನು ಕತ್ತರಿಯ ಹಾಗೆ ಅಡ್ಡಡ್ಡ ಹಾಕಿದ. ಹಿಂದಿನ ದೀಪಗಳಿಗೆ ಕಾರಿನ ವೈರನ್ನು ಕಡಿಯದೆ ಬೇರೆಯೇ ವೈರು ಎಳೆದ. ಹೈಬ್ರಿಡ್ ಕಾರಿನ ವೈರಿಗೆ ಕತ್ತರಿ ಹಾಕುವುದೆಂದರೆ ಇಬ್ಬರಿಗೂ ಅಂಜಿಕೆ. ಆಮೇಲೆ ಹಾವೇರಿಗೆ ಅಲೆದಾಡಿ ಪರಮೇಶ ಟ್ರೇಲರಿಗೂ ನಂಬರು ಮಾಡಿಸಿದ.

ಮೊದಲ ದಿನ ಪೆಟ್ಟಿಗೆಯ ಬದಲು ಉಸುಕಿನ ಚೀಲ ಹೇರಿಕೊಂಡು ಇಬ್ಬರೂ ಶಿಗ್ಗಾವಿ ರಸ್ತೆಗೆ ಹೋಗಿದ್ದರು. ಚೀಲಗಳನ್ನು ಹೆಂಗೆ ಬೇಕೋ ಹಂಗೆ ಹಿಂದಕ್ಕೆ ಒಗೆದಿದ್ದರು. ಸ್ವಲ್ಪ ವೇಗ ಸಿಕ್ಕಿದ್ದೇ ತಡ, ಟ್ರೇಲರು ನಾಯಿಯ ಬಾಲದಂತೆ ಎಡಕ್ಕೂ ಬಲಕ್ಕೂ ಅಲ್ಲಾಡಹತ್ತಿತು. ಪ್ರತಿ ಸಲವೂ ಕಾರಿನ ಹಿಂಭಾಗವನ್ನೇ ಎತ್ತಿ ಒಗೆದ ಹಾಗೆ. ಪರಮೇಶನ ಕಾಲು ಬ್ರೇಕಿನ ಕಡೆ ಹೊರಳಿತು.

"ಬ್ರೇಕ್ ಒತ್ತಬ್ಯಾಡ!" ರಿಯಾಜ ಕೂಗಿದ. "ಸ್ಟೇರಿಂಗ್ ತಿರುವಬ್ಯಾಡ! ನೆಟ್ಟಗ ಹಿಡಿ, ಆಕ್ಸಿಲೇಟರಿಂದ ಕಾಲ ತಗಿ, ಅಷ್ಟ!"

ಕಾಲು ತೆಗೆದ. ಅಲ್ಲಾಟ ಸಣ್ಣದಾಗುತ್ತ ಬಂದು ನಿಂತಿತು. ಇಬ್ಬರೂ ಇಳಿದು ರಸ್ತೆಯ ಪಕ್ಕದ ಬದುವಿನ ಮೇಲೆ ಕುಳಿತರು. ಆಮೇಲೆ ಚೀಲಗಳನ್ನು ಗಾಲಿಗಳ ಅಚ್ಚಿಗಿಂತ ಸ್ವಲ್ಪ ಮುಂದಕ್ಕೆ ಸರಿಸಿ, ಕೊಂಡಿಯ ಮೇಲೆ ತುಸು ಭಾರ ಕೂರುವಂತೆ ಮಾಡಿ ಓಡಿಸಿದರೆ ಅದೇ ಟ್ರೇಲರು ಸಾಕಿದ ಕರುವಿನಂತೆ ಹಿಂದೆ ಬಂತು. ತೀರಾ ಮುಂದಕ್ಕೆ ಸರಿಸಿದರೂ ಕೆಲಸ ಕೆಟ್ಟಿತು. ಕಾರಿನ ಹಿಂಭಾಗ ಕುಸಿದು, ಮುಂದಿನ ಗಾಲಿ ಹಗುರಾಗಿ, ಸ್ಟೇರಿಂಗ್ ತೇಲಿತು. ಸಂಜೆಯವರೆಗೂ ಚೀಲ ಸರಿಸಿ ಸರಿಸಿ ಪೆಟ್ಟಿಗೆಗೆ ಜಾಗ ಗೊತ್ತು ಮಾಡಿದರು. ಅಲ್ಲಿ ರಿಯಾಜ ಸುಣ್ಣದ ಗೆರೆ ಎಳೆದ. ಆಮೇಲೆ ಅದಕ್ಕೆ ಕೆಂಪು ಬಣ್ಣ ಬಂತು.

ಆ ಒಂದು ಅಲ್ಲಾಟವನ್ನು ಪರಮೇಶನ ಮೈ ಮರೆಯಲಿಲ್ಲ. ಹೆದ್ದಾರಿಯಾಗಲಿ ಹೊಲದ ದಾರಿಯಾಗಲಿ, ಐವತ್ತರ ಮೇಲೆ ಅವನ ಮುಳ್ಳು ಏರುತ್ತಿರಲಿಲ್ಲ. ಮುಂದಿನ ಗಾಡಿಯಿಂದ ದೂರ ಉಳಿಯುತ್ತಿದ್ದ. ಏರಿನಲ್ಲಿ ಬ್ಯಾಟರಿ ಬರಿದಾಗಿ ಎಂಜಿನ್ ಒಂದೇ ಒದ್ದಾಡಹತ್ತಿತೆಂದರೆ ಪಕ್ಕಕ್ಕೆ ಹಾಕಿ ತಣಿಸುತ್ತಿದ್ದ. ಇಳಿಜಾರಿನಲ್ಲಿ ಗೇರಿನ ಹಿಡಿಕೆಯನ್ನು ಕೆಳಗೆ ಜಗ್ಗಿ, ಮೊದಲೇ ವೇಗ ಇಳಿಸಿಕೊಂಡು ಹೋಗುತ್ತಿದ್ದ. ತಡಸದ ಹತ್ತಿರ ಹಿಂದಿನಿಂದ ಹಾರ್ನು ಹೊಡೆದು ಬೈದುಕೊಂಡು ಹೋಗುವವರಿಗೆ ಅವನ ಉತ್ತರ ಒಂದೇ: "ಮಲಗಿದವರಿಗೆ ಅವಸರ ಇಲ್ಲ, ನನಗ ಯಾಕ?"

ಸಾವಿನ ಮನೆಗಳಿಗೆ ಆ ಕಾರು ಹಿಡಿಸಿತು. ಓಣಿಯೊಳಗೆ ಬರುವಾಗ ಎಂಜಿನ್ನು ತಾನಾಗಿ ಆರಿ, ಬ್ಯಾಟರಿಯ ಮೇಲೆ ಸದ್ದಿಲ್ಲದೆ ಬಂದು ಅಂಗಳದಲ್ಲಿ ನಿಲ್ಲುತ್ತಿತ್ತು. ಸವಣೂರಿನಲ್ಲಿ ಒಮ್ಮೆ ಹಿಂದಕ್ಕೆ ತೆಗೆಯುವಾಗ ಆ ನಿಶ್ಶಬ್ದವೇ ಮುಳುವಾಗಿ, ಮುದುಕನೊಬ್ಬ ಟ್ರೇಲರಿನ ಅಡಿಗೆ ಬೀಳುವುದರಲ್ಲಿದ್ದ. ಅಂದಿನಿಂದ ಸುಜಾತಾ ಇಳಿದು, "ಸರೀರಿ, ಗಾಡಿ ಬರಾಕತ್ತೈತಿ" ಎಂದು ಹೇಳುತ್ತ ನಡೆಯುತ್ತಿದ್ದಳು.

ಪೆಟ್ಟಿಗೆ ಎಲ್ಲ ಮನೆಗಳ ಹೊಸ್ತಿಲನ್ನೂ ದಾಟಿತು. ಪರಮೇಶ ದಾಟಲಿಲ್ಲ. ಕೆಲವು ಮನೆಗಳಲ್ಲಿ ಹೊರಗೆ ನಿಂತೇ ಯಾವ ಸ್ವಿಚ್ಚು ಯಾವುದಕ್ಕೆಂದು ಕೂಗಿ ಹೇಳಬೇಕಾಗುತ್ತಿತ್ತು. ಕಾಗದದ ಲೋಟದಲ್ಲಿ ಚಹಾ ಬರುತ್ತಿತ್ತು. ಹೊರಡುವಾಗ ಟ್ರೇಲರು ನಿಂತಿದ್ದ ಜಾಗಕ್ಕೆ ಯಾರೋ ನೀರು ಚೆಲ್ಲುವುದು ಕನ್ನಡಿಯಲ್ಲಿ ಕಾಣುತ್ತಿತ್ತು. "ಸಾವಿನ ಮೈಲಿಗಿ ತೊಳೀತಾರ ಅಷ್ಟ" ಎನ್ನುತ್ತಿದ್ದ ಪರಮೇಶ. "ಹೌದೌದು, ಸಾವಿಂದ" ಎನ್ನುತ್ತಿದ್ದಳು ಸುಜಾತಾ, ಕಿಟಕಿಯ ಹೊರಗೆ ನೋಡುತ್ತ.

ಹೀಗೆ ಕೆಲವು ವರ್ಷ ನಡೆಯಿತು. ಒಂದು ಬೇಸಿಗೆಯಲ್ಲಿ ಹಾನಗಲ್ಲಿನಿಂದ ಫೋನು ಬಂತು. ಹತ್ತಿಬೀಜದ ದೊಡ್ಡ ವ್ಯಾಪಾರಿ ಚನ್ನೇಶನ ತಾಯಿ ಶಿವಬಸವ್ವ ತೀರಿಕೊಂಡಿದ್ದರು. ಹಿರೇಕೆರೂರಿನಲ್ಲಿ ಅವರ ಜಿನ್ನಿಂಗ್ ಮಿಲ್ಲು ಇತ್ತು. ಪರಮೇಶ ಪೆಟ್ಟಿಗೆ ಇಳಿಸಿಕೊಟ್ಟು, ಗೇಟಿನ ಹೊರಗಿನ ಬೇವಿನ ಮರದ ಕೆಳಗೆ ಸುಜಾತಾಳೊಂದಿಗೆ ಕುಳಿತ. ಮರುದಿನ ಬೆಳಿಗ್ಗೆ ಮನೆಯವರು ಹೊಸ ಮಾತು ಎತ್ತಿದರು. ಮಿಲ್ಲಿನ ಕೆಲಸಗಾರರೂ ಹಿರೇಕೆರೂರಿನ ವ್ಯಾಪಾರಸ್ಥರೂ ದರ್ಶನ ಮಾಡಬೇಕು, ದೇಹವನ್ನು ಮಿಲ್ಲಿನ ಆವರಣದಲ್ಲಿ ಸಂಜೆವರೆಗೂ ಇಡಬೇಕು. ದೇಹ ಹೂವಿನ ವಾಹನದಲ್ಲಿ ಮೆರವಣಿಗೆಯ ಮೂಲಕ ಬರುತ್ತದೆ. ಖಾಲಿ ಪೆಟ್ಟಿಗೆ ಮೊದಲೇ ಹೋಗಿ, ಅಲ್ಲಿ ತಣ್ಣಗಾಗಿ ಸಿದ್ಧವಿರಬೇಕು. ಮಿಲ್ಲಿನಲ್ಲಿ ಕರೆಂಟು ನಂಬುವ ಹಾಗಿಲ್ಲ, ಆದ್ದರಿಂದ ಜನರೇಟರೂ ಅದರ ಜೊತೆಗೇ ಹೋಗಬೇಕು.

ಪರಮೇಶ ಪೆಟ್ಟಿಗೆಯನ್ನು ಕೆಂಪು ಗೆರೆಗೆ ಸರಿಯಾಗಿ ಬಿಗಿದು ತಿರುಗುವಷ್ಟರಲ್ಲಿ ಆಳುಗಳು ಡೀಸೆಲ್ ಜನರೇಟರನ್ನು ಎತ್ತಿ ಟ್ರೇಲರಿನ ತೀರಾ ಹಿಂದಿನ ಅಂಚಿನಲ್ಲಿ ಇಟ್ಟಿದ್ದರು. ಇಳಿಸುವಾಗ ಸಸಾರವಾಗಲೆಂದು. ಕೊಂಡಿ ಮೇಲಕ್ಕೆ ಎಗರಿ, ಕಾರಿನ ಹಿಂಭಾಗವನ್ನು ಎತ್ತಿತ್ತು.

"ಇದನ್ನ ಇಳಸ್ರಿ ಯಪ್ಪಾ" ಎಂದ ಪರಮೇಶ. "ಹಿಂದ ಭಾರ ಆದ್ರ ಗಾಡಿ ಬೀಸತೈತಿ. ಟೆಂಪೋದಾಗ ಇಡೋಣು."

ಟೆಂಪೋದಲ್ಲಿ ಶಾಮಿಯಾನ, ಕುರ್ಚಿ ತುಂಬಿದ್ದವು. ಚನ್ನೇಶನ ಷಡ್ಡಕ ಕುಬೇರಪ್ಪ ಮುಂದೆ ಬಂದ. "ಇಂಥಾ ಕಾರು ನನ್ನ ಹಂತೇಕೂ ಐತಿ. ಆರು ಮಂದಿ ಕುಂತ್ರೂ ಜಗ್ಗತೈತಿ. ಒಂದು ಜನರೇಟರಿಗೆ ಏನಾಕ್ಕೈತಿ?"

"ಜಗ್ಗೂದು ಬ್ಯಾರೆರಿ, ನಿಲ್ಲಸೂದು ಬ್ಯಾರೆ. ಟ್ರೇಲರಿಗೆ ತನ್ನದ ಅಂತ ಬ್ರೇಕ್ ಇಲ್ಲ. ಜನರೇಟರ್ ಬೇಕ ಬೇಕಂದ್ರ ಎರಡು ಸಲ ಹೋಗಿ ಬರ್ತೇನಿ."

ಅಷ್ಟರಲ್ಲಿ ಚನ್ನೇಶನೇ ಬಂದ. ಅತ್ತು ಕಣ್ಣು ಕೆಂಪಾಗಿದ್ದವು. "ನಮ್ಮವ್ವ ಒಳಗ ಹೆಣಾಗಿ ಮಲಗ್ಯಾಳ. ನೀ ಇಲ್ಲಿ ತಕ್ಕಡಿ ಹಿಡಕೊಂಡು ನಿಂತೀಯೇನು? ನಿನ್ನ ನಡಿಗೀಲೆ ಹೋದ್ರ ಸಂಜಿ ಆಕ್ಕೈತಿ. ಕುಬೇರಪ್ಪ, ಕೀಲಿ ತಗೋ. ನೀನ ಹೊಡಿ."

ಕುಬೇರಪ್ಪ ಕೈ ಚಾಚಿದ. ಸುತ್ತ ನಿಂತವರೆಲ್ಲ ಪರಮೇಶನನ್ನೇ ನೋಡುತ್ತಿದ್ದರು. ಸಾವಿನ ಮನೆ, ಬಿಸಿಲು, ದೊಡ್ಡ ಮಂದಿ.

"ಕೊಡಬ್ಯಾಡ್ರಿ" ಎಂದಳು ಸುಜಾತಾ, ಅವನಿಗಷ್ಟೇ ಕೇಳುವಂತೆ.

ಪರಮೇಶ ಕೀಲಿ ಕೊಟ್ಟ. "ನಲವತ್ತರ ಮ್ಯಾಲೆ ಹೋಗಬ್ಯಾಡ್ರಿ. ಅಲ್ಲಾಡಾಕ ಹತ್ತಿದ್ರ ಬ್ರೇಕ್ ಮುಟ್ಟಬ್ಯಾಡ್ರಿ" ಎಂದು ಕಿಟಕಿಯ ಹತ್ತಿರ ಬಗ್ಗಿ ಹೇಳಿದ. ಗಾಜು ಆಗಲೇ ಮೇಲೇರುತ್ತಿತ್ತು. ಕಾರಿನ ಸೀಟುಗಳೆಲ್ಲ ನೆಂಟರಿಂದ ತುಂಬಿದ್ದವು. ಗಂಡ ಹೆಂಡತಿ ಕುರ್ಚಿಗಳ ಟೆಂಪೋ ಹತ್ತಿದರು. ಅದರ ಚಾಲಕ ಕರಿಬಸಪ್ಪ ಒಳ್ಳೆಯ ಮನುಷ್ಯ. ಪರಮೇಶನ ಮುಖ ನೋಡಿ, ಕೇಳದೆಯೇ ಕಾರಿನ ಬೆನ್ನು ಹತ್ತಿದ.

ತಿಳವಳ್ಳಿಯವರೆಗೆ ರಸ್ತೆ ಕೆಟ್ಟಿದ್ದರಿಂದ ಕಾರು ಮೆಲ್ಲಗೇ ಹೋಯಿತು. ಚಿಕ್ಕೇರೂರು ದಾಟಿದ ಮೇಲೆ ಹೊಸ ಡಾಂಬರು, ನೆಟ್ಟನೆಯ ಇಳಿಜಾರು. ಕಾರು ದೂರವಾಗತೊಡಗಿತು. ತನ್ನದೇ ಟ್ರೇಲರನ್ನು ಪರಮೇಶ ಹಿಂದಿನಿಂದ ಎಂದೂ ನೋಡಿರಲಿಲ್ಲ. ಹಿಂದಿನ ಅಂಚು ಮೊದಲು ಸಣ್ಣಗೆ ತೂಗಿತು. ಆಮೇಲೆ ಇನ್ನೊಂದು ಕಡೆಗೆ, ಸ್ವಲ್ಪ ಹೆಚ್ಚು.

"ಹಾರ್ನ್ ಹೊಡಿ! ಹಾರ್ನ್ ಹೊಡಿ ಕರಿಬಸಪ್ಪಾ!"

ಕರಿಬಸಪ್ಪ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಪರಮೇಶ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಕಾಲ ತಗೀರಿ! ಬರೇ ಕಾಲ ತಗೀರಿ!" ಎಂದು ಕೂಗಿದ. ಅಷ್ಟು ದೂರ ಯಾರಿಗೆ ಕೇಳೀತು? ಟ್ರೇಲರು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಬೀಸಿತು. ಆಗ ಕಾರಿನ ಹಿಂದೆ ಕೆಂಪು ದೀಪ ಹೊತ್ತಿಕೊಂಡಿತು. ಕುಬೇರಪ್ಪ ಬ್ರೇಕು ಒತ್ತಿದ್ದ. ಟ್ರೇಲರು ಕಾರನ್ನು ಪಕ್ಕದಿಂದ ನೂಕಿ, ಅಡ್ಡ ತಿರುಗಿಸಿ, ತಾನು ಮಗುಚಿ ಬಿತ್ತು. ಕಾರು ಹಿಂದುಮುಂದಾಗಿ ರಸ್ತೆ ಪಕ್ಕದ ಕಾಲುವೆಗೆ ಇಳಿದು ನಿಂತಿತು. ಪೆಟ್ಟಿಗೆ ಡಾಂಬರಿನ ಮೇಲೆ ಉಜ್ಜಿಕೊಂಡು ಹೋಗಿ, ಗಾಜೆಲ್ಲ ಪುಡಿಯಾಗಿ, ಜೋಳದ ಹೊಲದ ಬದುವಿಗೆ ಬಡಿಯಿತು.

ಯಾರೂ ಸಾಯಲಿಲ್ಲ. ಕುಬೇರಪ್ಪನ ಹಣೆ ಒಡೆದಿತ್ತು, ಹಿಂದೆ ಕುಳಿತ ಹೆಂಗಸೊಬ್ಬಳ ತೋಳು ಮುರಿದಿತ್ತು. ಪರಮೇಶನೇ ಅವರನ್ನು ಹೊರಗೆಳೆದ. ಸುಜಾತಾ ತನ್ನ ಸೆರಗು ಹರಿದು ಆ ಹೆಂಗಸಿನ ತೋಳು ಕಟ್ಟಿದಳು. ಕುಬೇರಪ್ಪ ಉಸಿರು ಸಿಕ್ಕಿದ ಕೂಡಲೇ ಹೇಳಿದ ಮಾತು: "ನಿನ್ನ ಕೊಂಡಿ ಸಡಲ ಇತ್ತು."

ಕೊಂಡಿ ಹಾಗೇ ಸಿಕ್ಕಿಕೊಂಡಿತ್ತು, ಸರಪಳಿಗಳೂ. ಪರಮೇಶ ಬೆರಳು ಮಾಡಿ ತೋರಿಸಿದ. ಯಾರೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಶಿವಬಸವ್ವನ ಹೂವಿನ ವಾಹನ ಬಂತು, ಹಿಂದೆ ಕಾರುಗಳ ಸಾಲು. ಗಾಯಾಳುಗಳನ್ನು ಒಂದು ಕಾರಿಗೆ ಹತ್ತಿಸಿಕೊಂಡು ಸಾಲು ಮುಂದೆ ಹೋಯಿತು. ರಸ್ತೆಯ ಮೇಲೆ ಗಂಡ ಹೆಂಡತಿ, ಕರಿಬಸಪ್ಪ, ಗಾಜಿನ ಚೂರು.

ಪರಮೇಶ ದೂರು ಕೊಡಲು ಠಾಣೆಗೆ ಹೋದ. ಅಲ್ಲಿ ಕುಳಿತ ಪೊಲೀಸರು ಕೇಳಿದ್ದು ಒಂದೇ: "ಗಾಡಿ ನಿಂದ, ಕೀಲಿ ಕೊಟ್ಟಾಂವ ನೀನ. ಸತ್ತ ಮನೀ ಮ್ಯಾಲೆ ಕೇಸ್ ಹಾಕ್ತಿ?" ಕರಿಬಸಪ್ಪ ಸಾಕ್ಷಿ ಹೇಳುತ್ತೇನೆಂದಿದ್ದ. ಆದರೆ ಅವನ ಟೆಂಪೋ ಓಡುವುದು ಚನ್ನೇಶನ ಮಿಲ್ಲಿಗೆ. ಮುಂದಿನ ವಾರ ಅವನು ಫೋನು ಎತ್ತಲಿಲ್ಲ. ಪರಮೇಶ ಅದಕ್ಕೆ ಅವನನ್ನು ಬೈಯಲೂ ಇಲ್ಲ. ಹಾನಗಲ್ಲ ಕಡೆ ಮಾತು ಬೇರೆಯೇ ಹಬ್ಬಿತು. ಪರಮೇಶನ ಹಳೇ ಡಬ್ಬಿ ಟ್ರೇಲರು ಮನೆಮಂದಿಯನ್ನು ಕೊಲ್ಲುವುದರಲ್ಲಿತ್ತಂತೆ. ಫೋನುಗಳು ಕಡಿಮೆಯಾದವು. ಬಂದಿದ್ದರೂ ಒಯ್ಯಲು ಪೆಟ್ಟಿಗೆ ಇರಲಿಲ್ಲ, ಕಾರು ಗ್ಯಾರೇಜಿನಲ್ಲಿತ್ತು. ಬ್ಯಾಟರಿಗೆ ಕಾಲುವೆಯ ನೀರು ನುಗ್ಗಿತ್ತು.

ಹೀಗಿರುವಾಗಲೇ ಮಂಜವ್ವ ಸತ್ತಳು. ಬೆಳಿಗ್ಗೆ ಕಸ ಗುಡಿಸಿ, ಚಹಾ ಕುಡಿದು, ಎದೆ ಹಿಡಿದುಕೊಂಡು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಪರಮೇಶನ ಅಕ್ಕ ಸಮತಾ ಗಂಡನೊಂದಿಗೆ ಸೂರತ್ತಿನ ಬಟ್ಟೆ ಗಿರಣಿಯಲ್ಲಿದ್ದಳು. "ನಾ ಬರೂತನಕ ಅವ್ವನ್ನ ಇಟ್ಟಿರೋ ತಮ್ಮಾ" ಎಂದು ಫೋನಿನಲ್ಲಿ ಅತ್ತಳು. ಹೊರಟರೂ ಮುಟ್ಟುವುದು ಮರುದಿನ ಸಂಜೆಗೆ.

ಪರಮೇಶ ಹಾವೇರಿಗೆ, ಹುಬ್ಬಳ್ಳಿಗೆ ಫೋನು ಮಾಡಿದ. ಆ ವಾರದ ಬಿಸಿಲಿಗೆ ಮುದುಕರು ಸಾಲಾಗಿ ಸಾಯುತ್ತಿದ್ದರು, ಪೆಟ್ಟಿಗೆಗಳೆಲ್ಲ ಒಂದಿಲ್ಲೊಂದು ಮನೆಯಲ್ಲಿದ್ದವು. ಒಂದು ಕಡೆ ಸಿಕ್ಕಿತು. ಊರ ಹೆಸರು ಕೇಳಿದರು, ಓಣಿ ಕೇಳಿದರು, "ಸಂಜೀಗೆ ನೋಡೋಣು" ಎಂದರು. ಕೊನೆಗೆ ಹಲ್ಲು ಕಚ್ಚಿಕೊಂಡು ಚನ್ನೇಶನಿಗೇ ಮಾಡಿದ.

"ಯಜಮಾನ್ರ, ನಮ್ಮವ್ವ ಹೋಗ್ಯಾಳ. ನೀವು ಒಂದು ಮಾತು ಹೇಳಿದ್ರ ಯಾರಾರ ಪೆಟ್ಟಿಗಿ ಕೊಡ್ತಾರರಿ."

"ಹೌದಾ? ಛೇ ಛೇ" ಎಂದ ಚನ್ನೇಶ. "ನೋಡೋಣು. ಹೇಳಿ ಕಳಸ್ತೇನಿ."

ಯಾರೂ ಬರಲಿಲ್ಲ. ರಿಯಾಜ ಸವಣೂರಿನಿಂದ ಮೋಟಾರು ಸೈಕಲ್ಲಿಗೆ ಮಂಜುಗಡ್ಡೆ ಕಟ್ಟಿಕೊಂಡು ಎರಡು ಸಲ ಬಂದ. ಬರುವಷ್ಟರಲ್ಲಿ ಅರ್ಧ ಕರಗಿರುತ್ತಿತ್ತು. ಸುಜಾತಾ ಅತ್ತೆಯ ಪಕ್ಕ ಕೂತು ಕೆನ್ನೆಗೆ, ಹೊಟ್ಟೆಗೆ ಒದ್ದೆ ಅರಿವೆ ಹಾಕುತ್ತ ನೊಣ ಓಡಿಸಿದಳು. ಎಷ್ಟೋ ಮನೆಯ ಹೆಣಗಳನ್ನು ಮೂರು ದಿನ ಮಲಗಿದವರಂತೆ ಕಾಯ್ದುಕೊಟ್ಟವನ ಮನೆಯಲ್ಲಿ, ಮರುದಿನ ಮಧ್ಯಾಹ್ನಕ್ಕೆ ಹಿರಿಯರು ಬಾಗಿಲಿಗೆ ಬಂದು ನಿಂತರು. "ಇನ್ನ ಇಡಾಕ ಬರೂದಿಲ್ಲೋ ಪರಮ್ಯಾ." ಅವನಿಗೂ ಗೊತ್ತಿತ್ತು. ಮೂಗಿಗೇ ಗೊತ್ತಾಗುತ್ತಿತ್ತು.

ಸಮತಾ ಬಂದಾಗ ಮಣ್ಣು ಮುಚ್ಚಿಯಾಗಿತ್ತು. ಅವಳು ದಿಬ್ಬದ ಮೇಲೆ ಬಿದ್ದು ಅತ್ತಳು. ಆಮೇಲೆ ಎದ್ದು ಮುಖ ಒರೆಸಿಕೊಂಡು ತಮ್ಮನನ್ನು ನೋಡಿದಳು.

"ಕಂಡಕಂಡವರ ಅವ್ವಗೋಳಿಗೆಲ್ಲ ಪೆಟ್ಟಿಗಿ ಒಯ್ದಿ. ನಮ್ಮವ್ವನ ಮುಖ ನನಗ ಉಳಸಾಕ ಆಗಲಿಲ್ಲಲ್ಲ."

"ಪೆಟ್ಟಿಗಿ ಒಡದೈತಿ ಅಕ್ಕಾ."

"ಯಾರು ಒಡದ್ರು?"

ಕುಬೇರಪ್ಪನ ಹೆಸರು ಪರಮೇಶನ ಬಾಯಿಗೆ ಬಂತು, ಚಾಚಿದ ಕೈ ನೆನಪಿಗೆ ಬಂತು. ಆ ಕೈಗೆ ಕೀಲಿ ಹಾಕಿದ ತನ್ನ ಕೈಯೂ ಬಂತು. ಸಮತಾ ಮೂರನೆಯ ದಿನದ ಕಾರ್ಯ ಮುಗಿಸಿ ಸೂರತ್ತಿಗೆ ಹೋದಳು. ಆಮೇಲೆ ಫೋನು ಮಾಡುವುದು ಸುಜಾತಾಳಿಗೆ ಮಾತ್ರ.

ಮಳೆಗಾಲ ಮುಗಿಯುವಾಗ ಚನ್ನೇಶ ತಾಯಿಯ ನೆನಪಿಗೆ ಒಂದು ಹೊಸ ವಾಹನ ದಾನ ಮಾಡಿದ. ಬಿಳಿಯ ವ್ಯಾನು, ಒಳಗೇ ತಂಪು ಪೆಟ್ಟಿಗೆ, ಎರಡೂ ಬದಿಗೆ ಶಿವಬಸವ್ವನ ದೊಡ್ಡ ಚಿತ್ರ, ಕೆಳಗೆ 'ಉಚಿತ ಸೇವೆ' ಎಂಬ ಅಕ್ಷರ. ಹಾನಗಲ್ಲಿನಲ್ಲಿ ಶಾಮಿಯಾನ ಹಾಕಿ ಉದ್ಘಾಟನೆ ಮಾಡಿದರು. ಮಾತಾಡಿದವರೆಲ್ಲ, ಇನ್ನು ಮುಂದೆ ಹಗ್ಗ ಸರಪಳಿಯ ಡಬ್ಬಿಗಳನ್ನು ನಂಬಿ ಜೀವ ಕಳೆದುಕೊಳ್ಳಬೇಕಾಗಿಲ್ಲ ಎಂದರು. ಚನ್ನೇಶ ಪರಮೇಶನನ್ನು ಕರೆಸಿಕೊಂಡಿದ್ದ.

"ಆದದ್ದು ಆತು. ನಿನಗ ಈ ಕೆಲಸದ ರೂಢಿ ಐತಿ. ವ್ಯಾನಿಗೆ ನೀನ ಡ್ರೈವರ್ ಆಗು. ಹಿಂದ ಕಟ್ಟಗೊಂಡು ಅಡ್ಡಾಡೂ ತ್ರಾಸ ಇಲ್ಲ."

ಪರಮೇಶ ವ್ಯಾನಿನ ಸುತ್ತ ಒಂದು ಸುತ್ತು ಬಂದ. ಒಳ್ಳೆಯ ಗಾಡಿಯೇ. "ನಮ್ಮ ಓಣಿಗೂ ಬರತೈತೇನ್ರಿ ಇದು?"

"ಕಮಿಟಿ ಮಾಡೇವಿ. ಕಮಿಟಿ ಹೇಳಿದಲ್ಲಿ ಹೋಕ್ಕೈತಿ."

"ಕಮಿಟ್ಯಾಗ ನಮ್ಮ ಓಣಿಯಾವರು ಅದಾರೇನ್ರಿ?"

ಚನ್ನೇಶ ನಕ್ಕ. "ಎಲ್ಲಾದಕ್ಕೂ ಇದನ್ನ ತರಬ್ಯಾಡ ಪರಮೇಶ. ನಾ ಒಳ್ಳೇದಕ್ಕ ಕರದೇನಿ."

"ಒಳ್ಳೇದರಿ" ಎಂದು ಪರಮೇಶ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದ. ಆಗ ಮನೆಗೆ ಬೇರೆ ದುಡಿಮೆ ಇರಲಿಲ್ಲ. ಆದರೂ ಸುಜಾತಾ ಆ ಕೆಲಸ ಏಕೆ ಬಿಟ್ಟು ಬಂದಿರಿ ಎಂದು ಕೇಳಲಿಲ್ಲ.

ಕಾರು ರಿಪೇರಿಯಾಗಿ ಮತ್ತೆ ಓಡಲು ತಡವಾಯಿತು. ರಿಯಾಜ ಟ್ರೇಲರಿನ ಸೊಟ್ಟ ಚೌಕಟ್ಟನ್ನು ಕಾಸಿ ನೆಟ್ಟಗೆ ಮಾಡಿಕೊಟ್ಟ. ಪೆಟ್ಟಿಗೆ ಮಾತ್ರ ಗುಜರಿಗೆ ಹೋಯಿತು. ಈಗ ಪರಮೇಶ ಮಾಸೂರಿನ ಕಡೆಯ ಸಸಿಮಡಿಗಳಿಂದ ಮೆಣಸಿನ ಸಸಿ, ಟೊಮ್ಯಾಟೊ ಸಸಿಯ ತಟ್ಟೆಗಳನ್ನು ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಾನೆ. ಸಸಿ ಹಗುರ. ಗಾಳಿಗೆ ಬಾಡಬಾರದೆಂದು ಹೇಗೂ ಮೆಲ್ಲಗೇ ಹೋಗಬೇಕು. ರೈತರು ಮಾತಾಡಿಸುತ್ತಾರೆ, ಕೆಲವರು ಒಳಗೆ ಕರೆದು ಕೂರಿಸುತ್ತಾರೆ, ಕೆಲವರು ಚಹಾವನ್ನು ಕಾಗದದ ಲೋಟದಲ್ಲೇ ಕೊಡುತ್ತಾರೆ.

ಹೋದ ಬೇಸಿಗೆಯಲ್ಲಿ ಅವನ ಓಣಿಯ ಶಾರವ್ವ ತೀರಿಕೊಂಡಳು. ಮಗಳು ದೂರದಿಂದ ಬರಬೇಕಿತ್ತು. ಬಿಳಿ ವ್ಯಾನಿಗೆ ಫೋನು ಮಾಡಿದರೆ, ಸರ್ವೀಸಿಗೆ ಹೋಗಿದೆ ಎಂದರು. ಅದೇ ಹೊತ್ತಿನಲ್ಲಿ ಅದು ಬಂಕಾಪುರದ ಕಡೆ ಓಡುವುದನ್ನು ಕಂಡವರಿದ್ದರು. ಜನ ಪರಮೇಶನ ಬಾಗಿಲಿಗೆ ಬಂದರು. ಅವನು ಸಸಿಯ ತಟ್ಟೆಗಳನ್ನು ಇಳಿಸಿ, ಸವಣೂರಿಗೆ ಹೋಗಿ, ಟ್ರೇಲರಿನ ತುಂಬ ಮಂಜುಗಡ್ಡೆ ಹೇರಿ, ಹೊಟ್ಟು ಸುರಿದು ತಾಡಪಾಲು ಬಿಗಿದ. ಮಂಜುಗಡ್ಡೆ ಭಾರ. ಜೊತೆಗೆ ಜಾರುತ್ತದೆ. ಜಾರದಂತೆ ಅಡ್ಡ ಹಲಗೆ ಬಡಿದು, ಗೆರೆಯ ಮೇಲೆ ಕೂರಿಸಿ, ಟೈರಿನ ಗಾಳಿ ನೋಡಿ ಹೊರಟ.

ಮೆಲ್ಲಗೆ ಹೋದಷ್ಟೂ ಕರಗುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ರಸ್ತೆಯ ಉದ್ದಕ್ಕೂ ನೀರಿನ ಗೆರೆ ಕಾಣುತ್ತಿತ್ತು. ಬಿಸಿಲು ಅದನ್ನು ಅಲ್ಲಲ್ಲೇ ಕುಡಿಯುತ್ತಿತ್ತು.

"ಸ್ವಲ್ಪ ಜೋರ ಹೊಡೀರಿ" ಎಂದಳು ಸುಜಾತಾ. "ಮುಟ್ಟೂದ್ರಾಗ ಏನೂ ಉಳಿಯೂದಿಲ್ಲ."

"ಜೋರ ಹೊಡದ್ರ ನಾವೂ ಉಳಿಯೂದಿಲ್ಲ" ಎಂದ ಪರಮೇಶ. ಮುಳ್ಳು ಏರಲಿಲ್ಲ.

ಮುಟ್ಟಿದಾಗ ಅರ್ಧದಷ್ಟು ಉಳಿದಿತ್ತು. ಅದು ಸಾಲಲಿಲ್ಲ. ಶಾರವ್ವನನ್ನು ಸಂಜೆಯೇ ಮಣ್ಣು ಮಾಡಿದರು. ಅವಳ ಮಗಳು ಮರುದಿನ ಬಸ್ಸಿಳಿದು ಓಣಿಯೊಳಗೆ ಬರುವಾಗ ಪರಮೇಶ ಅಂಗಳದಲ್ಲಿ ಟ್ರೇಲರು ತೊಳೆಯುತ್ತಿದ್ದ. ಅವಳು ನಿಂತಳು. ಅವನು ನಲ್ಲಿ ಬಂದ್ ಮಾಡಿ, ಕೈ ಒರೆಸಿಕೊಂಡು, ಅವಳ ಚೀಲ ತೆಗೆದುಕೊಂಡು ಗೋರಿಯ ಕಡೆ ದಾರಿ ತೋರಿಸುತ್ತ ಮುಂದೆ ನಡೆದ.